ಒಂದೇ ಅಡುಗೆಮನೆ, ಎರಡು ತಟ್ಟೆ

ಹುಣಸೂರಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಆಡಿದ ಮಾತುಗಳಿವು. ಕೇಳಿದವರಲ್ಲಿ ಕೆಲವರು ಬರೆದು ಕೊಡಿ ಎಂದರು. ಮಾತಿನ ಸುತ್ತುಬಳಸನ್ನು ಸ್ವಲ್ಪ ಕತ್ತರಿಸಿದ್ದೇನೆ. ಕೊನೆಯ ಪ್ರಶ್ನೆಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಅವತ್ತು ನಾನು ಕಲಿಸಿದ್ದಕ್ಕಿಂತ ಅಲ್ಲಿ ಕಲಿತದ್ದೇ ಜಾಸ್ತಿ.

ಎಲ್ಲರಿಗೂ ನಮಸ್ಕಾರ. ಊಟ ಆದಮೇಲೆ ಭಾಷಣ ಇಟ್ಟುಕೊಳ್ಳಬೇಡಿ ಅಂತ ಸಂಘಟಕರಿಗೆ ಮೊದಲೇ ಹೇಳಿದ್ದೆ. ಅರ್ಧ ಜನಕ್ಕೆ ನಿದ್ದೆ ಬರುತ್ತದೆ, ಇನ್ನರ್ಧ ಜನ ಹೊರಗೆ ಹೋಗುತ್ತಾರೆ. ನೋಡಿ, ಹಿಂದಿನ ಎರಡು ಸಾಲು ಖಾಲಿ. ಅವರೆಲ್ಲ ಎಲ್ಲಿದ್ದಾರೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಗೇಟಿನ ಪಕ್ಕ ಪೆಟ್ಟಿಗೆ ಅಂಗಡಿ ಇದೆಯಲ್ಲ, ಅಲ್ಲಿ. ಬರಲಿ ಬಿಡಿ. ಇವತ್ತಿನ ಮಾತು ಅವರ ಮೇಲೆಯೇ.

ಹೊಗೆಸೊಪ್ಪಿನ ಊರಿಗೆ ಬಂದು ಸಿಗರೇಟಿನ ಬಗ್ಗೆ ಮಾತಾಡುವುದು ಅಂದರೆ ಮಾವನ ಮನೆಯಲ್ಲಿ ಕೂತು ಮಾವನನ್ನೇ ಬೈದ ಹಾಗೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಎಷ್ಟು ಮನೆಗಳ ಮದುವೆ, ಎಷ್ಟು ಮಕ್ಕಳ ಕಾಲೇಜು ಫೀಸು ಹರಾಜು ಕಟ್ಟೆಯ ದುಡ್ಡಿನಲ್ಲಿ ನಡೆದಿದೆ ಅಂತ ನನಗೆ ಗೊತ್ತು. ಬೆಳೆ ಬಿಡಿ ಅಂತ ಹೇಳಲು ನಾನು ಬಂದಿಲ್ಲ. ಆ ಮಾತು ಹೇಳುವವರು ಬೇರೆ ಇದ್ದಾರೆ. ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಡಯಟೀಷಿಯನ್. ಜನರ ತಟ್ಟೆ ನೋಡುವುದು ನನ್ನ ಕೆಲಸ.

ನನಗೆ ಕೊಟ್ಟ ವಿಷಯ ಹೀಗಿದೆ: ಸೇದುವವರಿಗೂ ಸೇದದವರಿಗೂ ಪೌಷ್ಟಿಕ ಆಹಾರದ ಅರಿವಿನಲ್ಲಿ, ಊಟದ ಅಭ್ಯಾಸದಲ್ಲಿ ಏನು ವ್ಯತ್ಯಾಸ? ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದಕ್ಕೆ ಉತ್ತರ ನನ್ನ ಬಾಯಲ್ಲೇ ಇತ್ತು. ಸೇದುವವರಿಗೆ ಗೊತ್ತಿಲ್ಲ, ನಾವು ತಿಳಿಸಬೇಕು, ಅಷ್ಟೇ. ಚಾರ್ಟ್ ತೋರಿಸುತ್ತಿದ್ದೆ, ಪಾಂಪ್ಲೆಟ್ ಹಂಚುತ್ತಿದ್ದೆ. ಆ ಪಾಂಪ್ಲೆಟ್‌ನಲ್ಲಿ ಬೋಂಡ ಕಟ್ಟಿಕೊಟ್ಟಿದ್ದನ್ನೂ ಕಣ್ಣಾರೆ ನೋಡಿದ್ದೇನೆ.

ಗೊತ್ತಿಲ್ಲ ಅನ್ನುವುದು ಸುಳ್ಳು. 2016-17ರಲ್ಲಿ ದೇಶದಾದ್ಯಂತ ವಯಸ್ಕರ ತಂಬಾಕು ಸಮೀಕ್ಷೆ ನಡೆಯಿತು. ಸೇದಿದರೆ ದೊಡ್ಡ ಕಾಯಿಲೆ ಬರುತ್ತದೆ ಅಂತ ಒಪ್ಪಿದವರು 100ಕ್ಕೆ 92 ಜನ. ಅಂದರೆ ಹತ್ತಿರ ಹತ್ತಿರ ಎಲ್ಲರೂ. ಅದೇ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ 100ಕ್ಕೆ 10.7 ಜನ ಸೇದುತ್ತಾರೆ, ಕರ್ನಾಟಕದಲ್ಲಿ 8.8. ನಾವು ಸುಮ್ನೆ ಸಿಗರೇಟು ಸಿಗರೇಟು ಅಂತೀವಿ, ಆದರೆ ಈ ದೇಶದಲ್ಲಿ ಬೀಡಿ ಸೇದುವವರೇ ಜಾಸ್ತಿ, ಹೆಚ್ಚೂಕಡಿಮೆ ಎರಡು ಪಟ್ಟು. ನಮ್ಮ ತಂದೆಯೂ ಬೀಡಿ ಸೇದುತ್ತಿದ್ದರು. ಕಟ್ಟಿನ ಮೇಲಿನ ಎಚ್ಚರಿಕೆಯನ್ನು ಕನ್ನಡಕ ಹಾಕಿಕೊಂಡು ಓದಿ, ಓದಿ ಮುಗಿಸಿ, ಒಂದು ಹಚ್ಚುತ್ತಿದ್ದರು.

ಆಹಾರದ ವಿಷಯದಲ್ಲೂ ಇದೇ ಕಥೆ. ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಹೆಸರು, ಊರು ಬೇಡ.

ಅಣ್ಣ ತಮ್ಮ ಇಬ್ಬರು. ಒಂದೇ ಮನೆ, ಒಂದೇ ಒಲೆ. ಇಬ್ಬರೂ ಸೇರಿ ಒಂದೇ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾರೆ. ಒಟ್ಟಿಗೆ ಬಾಗಿಲು ತೆಗೆಯುತ್ತಾರೆ, ಒಟ್ಟಿಗೆ ಹಾಕುತ್ತಾರೆ. ಅಣ್ಣನಿಗೆ 46, ದಿನಕ್ಕೆ ಹನ್ನೆರಡು ಸಿಗರೇಟು. ತಮ್ಮ 41, ಸೇದುವುದಿಲ್ಲ. ಅಣ್ಣನಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ನನ್ನ ಹತ್ತಿರ ಬಂದರು. ತಮ್ಮ ಗಾಡಿ ಓಡಿಸಿಕೊಂಡು ಜೊತೆಗೆ ಬಂದಿದ್ದರು.

ಸಿ ವಿಟಮಿನ್ ಯಾವುದರಲ್ಲಿ ಇರುತ್ತದೆ ಅಂತ ಕೇಳಿದೆ. ಅಣ್ಣ ಪಟಪಟ ಹೇಳಿದರು: ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು, ನುಗ್ಗೆಸೊಪ್ಪು. ಆಂಟಿ ಆಕ್ಸಿಡೆಂಟ್ ಅನ್ನುವ ಪದವೂ ಬಂತು. ಮೊಬೈಲಿನಲ್ಲಿ ವಿಡಿಯೋ ನೋಡುತ್ತಾರಂತೆ. ತಮ್ಮನ ಕಡೆ ತಿರುಗಿದೆ. ಅವರು ನಕ್ಕು, "ನಂಗೊತ್ತಿಲ್ಲ ಮೇಡಂ, ಅತ್ತಿಗೆ ಏನು ಮಾಡ್ತಾರೋ ಅದು ತಿಂತೀನಿ" ಅಂದರು.

ಪರೀಕ್ಷೆ ಇಟ್ಟರೆ ಅಣ್ಣನಿಗೆ 90, ತಮ್ಮನಿಗೆ 20. ಇಬ್ಬರಿಗೂ ಒಂದೊಂದು ನೋಟ್‌ಬುಕ್ ಕೊಟ್ಟು, ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ಟೈಮ್ ಹಾಕಿ ಬರೆಯಿರಿ ಅಂದೆ. ಸಿಗರೇಟನ್ನೂ ಸೇರಿಸಿ. ತಮ್ಮನಿಗೆ ಕಾಯಿಲೆ ಇರಲಿಲ್ಲ, ಸುಮ್ನೆ ಅಣ್ಣನಿಗೆ ಜೊತೆಯಾಗಲಿ ಅಂತ ಕೊಟ್ಟೆ. ಆ ಎರಡು ನೋಟ್‌ಬುಕ್‌ಗಳನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಅಣ್ಣನ ಮೊದಲ ದಿನ. ಬೆಳಿಗ್ಗೆ 6 ಗಂಟೆ: ಟೀ, ಸಿಗರೇಟ್. 7.15: ಸಿಗರೇಟ್. 8.30: ಇಲ್ಲಿ 'ತಿಂಡಿ' ಅಂತ ಬರೆದು ಮುಂದೆ ಒಂದು ಗೆರೆ ಎಳೆದಿದ್ದಾರೆ. 9.45: ಟೀ, ಸಿಗರೇಟ್. 11.30: ಟೀ, ಬೋಂಡ ಎರಡು, ಸಿಗರೇಟ್. ಮಧ್ಯಾಹ್ನ 3: ಮುದ್ದೆ, ಹುರುಳಿಕಾಳು ಸಾರು, ಅನ್ನ, ಹಪ್ಪಳ, ಉಪ್ಪಿನಕಾಯಿ. 3.20: ಸಿಗರೇಟ್. ಸಂಜೆ ಮತ್ತೆ ಟೀ, ಖಾರ, ಟೀ. ರಾತ್ರಿ 10.15ಕ್ಕೆ ಊಟ.

ತಮ್ಮನದು: 8.30: ಇಡ್ಲಿ ನಾಲ್ಕು, ಚಟ್ನಿ. 11: ಬಾಳೆಹಣ್ಣು. 1.30: ಮುದ್ದೆ, ಸಾರು, ಸೌತೆಕಾಯಿ, ಮಜ್ಜಿಗೆ. ಸಂಜೆ ಟೀ, ಒಂದು ಬೋಂಡ. ರಾತ್ರಿ 8.30ಕ್ಕೆ ಊಟ. ಬರೆದದ್ದು ಅರ್ಧ ಪುಟವೂ ಇಲ್ಲ.

ಮಾಡಿದ ಅಡುಗೆ ಎರಡೂ ಕಡೆ ಒಂದೇ. ಅಣ್ಣನ ಪಾಲಿನ ಇಡ್ಲಿ ತಟ್ಟೆಯಲ್ಲಿ ಮುಚ್ಚಿಟ್ಟೇ ಇತ್ತು. ಸೌತೆಕಾಯಿ ಅವರ ಮುಂದೆಯೂ ಇತ್ತು, ಮುಟ್ಟಿಲ್ಲ. ಗೊತ್ತಿಲ್ಲದ ಮನುಷ್ಯ ಸರಿಯಾಗಿ ತಿಂದ, ಎಲ್ಲ ಗೊತ್ತಿದ್ದ ಮನುಷ್ಯ ಬೋಂಡ ತಿಂದ. ಯಾಕೆ?

ಮೊದಲು ಆ 8.30ರ ಗೆರೆಯನ್ನು ನೋಡೋಣ. ತಂಬಾಕಿನಲ್ಲಿರುವ ನಿಕೋಟಿನ್ ಹಸಿವನ್ನು ಅಡಗಿಸುತ್ತದೆ. ನಮ್ಮ ಮಿದುಳಿನ ತಳಭಾಗದಲ್ಲಿ ಹೊಟ್ಟೆ ತುಂಬಿತು ಅಂತ ಹೇಳುವ ನರಕೋಶಗಳಿವೆ. ನಿಕೋಟಿನ್ ಹೋಗಿ ಅವನ್ನೇ ಎಬ್ಬಿಸುತ್ತದೆ ಅಂತ 2011ರಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸದಲ್ಲಿ ಕಂಡುಬಂತು. ಹೊಟ್ಟೆಯಲ್ಲಿ ಏನೂ ಇಲ್ಲ, ಮಿದುಳಿಗೆ ಮಾತ್ರ ಊಟ ಆಯ್ತು ಅಂತ ಸುದ್ದಿ ಹೋಗಿದೆ. ಬೆಳಿಗ್ಗೆ ಎರಡು ಸಿಗರೇಟು ಆದ ಮನುಷ್ಯನ ಮುಂದೆ ಇಡ್ಲಿ ಇಟ್ಟರೆ "ಈಗ ಬೇಡ, ಆಮೇಲೆ" ಅನ್ನುತ್ತಾನೆ. ಅವನು ಹಟ ಮಾಡುತ್ತಿಲ್ಲ. ನಿಜವಾಗಿ ಹಸಿವಿಲ್ಲ. ಮನೆಯಲ್ಲಿ ಇದಕ್ಕೇ ದಿನಾ ಜಗಳ ಆಗುತ್ತದೆ. "ಬೆಳಿಗ್ಗೆ ಎದ್ದು ಮಾಡಿದ್ದು ಯಾರಿಗೆ?" ಅಂತ.

ಬಿಟ್ಟ ತಿಂಡಿ 11.30ಕ್ಕೆ ಬೋಂಡವಾಗಿ ಬರುತ್ತದೆ. ಅಷ್ಟು ಹೊತ್ತಿಗೆ ಹಸಿವು ಜೋರಾಗಿರುತ್ತದೆ, ಕೈಗೆ ಸಿಕ್ಕಿದ್ದು ಬಾಯಿಗೆ. ಪೇಟೆ ಬೀದಿಯಲ್ಲಿ ಆ ಹೊತ್ತಿಗೆ ಸಿಗುವುದು ಎಣ್ಣೆಯಲ್ಲಿ ಕರಿದದ್ದೇ ಅಲ್ವಾ? ಹಾಗೆ ತಳ್ಳಿಕೊಂಡು ತಳ್ಳಿಕೊಂಡು ಮಧ್ಯಾಹ್ನದ ಊಟ 3 ಗಂಟೆಗೆ, ರಾತ್ರಿಯದು 10 ದಾಟಿ. ಬೆಳಗಿನ ತಿಂಡಿ ಬಿಡುವುದಕ್ಕೂ ಸೇದುವುದಕ್ಕೂ ನಂಟಿದೆ ಅಂತ ಫಿನ್‌ಲೆಂಡಿನಲ್ಲಿ ಅವಳಿ ಮಕ್ಕಳನ್ನೂ ಅವರ ತಂದೆ ತಾಯಿಯನ್ನೂ ವಿಚಾರಿಸಿ 2003ರಲ್ಲಿ ಬರೆದಿದ್ದಾರೆ. ಅಷ್ಟು ದೂರ ಹೋಗುವುದೇ ಬೇಡ. ಬೆಳಿಗ್ಗೆ 8 ಗಂಟೆಗೆ ಬಸ್ ಸ್ಟ್ಯಾಂಡ್ ಹತ್ತಿರ ನಿಂತು ನೋಡಿ. ಹೋಟೆಲಿನ ಒಳಗೆ ಇಡ್ಲಿ ತಿನ್ನುವವರು, ಪಕ್ಕದ ಗೋಡೆಗೆ ಒರಗಿ ಟೀ ಗ್ಲಾಸು ಹಿಡಿದವರು. ಇವು ಎರಡು ಬೇರೆ ಗುಂಪು.

ಎರಡನೆಯದು ನಾಲಿಗೆ. ಹೊಗೆ ಮೂಗಿನ ವಾಸನೆಯನ್ನೂ ನಾಲಿಗೆಯ ಚುರುಕನ್ನೂ ಮಂಕು ಮಾಡುತ್ತದೆ. ರುಚಿಯಲ್ಲಿ ವಾಸನೆಯ ಪಾಲು ದೊಡ್ಡದು, ನೆಗಡಿ ಬಂದಾಗ ಎಲ್ಲರಿಗೂ ಇದು ಗೊತ್ತಾಗಿರುತ್ತದೆ. ಹೆಸರುಬೇಳೆ ಕೋಸಂಬರಿ, ಸೌತೆಕಾಯಿ, ಸೋರೆಕಾಯಿ ಪಲ್ಯ ಇವೆಲ್ಲ ಮೆಲ್ಲಗೆ ಮಾತಾಡುವ ಪದಾರ್ಥಗಳು. ಕಿವುಡನ ಮುಂದೆ ಪಿಸುಗುಟ್ಟಿದರೆ ಏನು ಪ್ರಯೋಜನ? ಉಪ್ಪಿನಕಾಯಿ, ಹಪ್ಪಳ, ಕರಿದ ಖಾರ ಮಾತ್ರ ಕೂಗುತ್ತವೆ. ಆ ಮನೆಯ ಅತ್ತಿಗೆ ನನಗೆ ಹೇಳಿದ್ದು: "ಮೇಡಂ, ಇವರೊಬ್ಬರಿಗಾಗಿ ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಪಕ್ಕದಲ್ಲಿ ಇಡಬೇಕು."

ಮೂರನೆಯದು ನನಗೆ ತುಂಬಾ ಇಷ್ಟವಾದ ವಿಷಯ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2007ರಲ್ಲಿ ಸುಮಾರು 200 ಜನ ಸೇದುವವರನ್ನು ಒಂದು ಸರಳ ಪ್ರಶ್ನೆ ಕೇಳಿದರು: ಏನು ತಿಂದರೆ, ಕುಡಿದರೆ ಸಿಗರೇಟಿನ ರುಚಿ ಹೆಚ್ಚುತ್ತದೆ, ಏನು ತಿಂದರೆ ಕೆಡುತ್ತದೆ? ಹೆಚ್ಚಿಸುವುದು ಕಾಫಿ, ಮದ್ಯ, ಮಾಂಸ ಅಂದರು. ಕೆಡಿಸುವುದು ಹಾಲು, ನೀರು, ಹಣ್ಣು, ತರಕಾರಿ. ಈಗ ಅಣ್ಣನ ನೋಟ್‌ಬುಕ್ಕನ್ನು ಇನ್ನೊಮ್ಮೆ ನೋಡಿ. ಟೀ ಇದೆ. ಹಣ್ಣು ಇಲ್ಲ, ಮಜ್ಜಿಗೆ ಇಲ್ಲ, ಹಸಿ ತರಕಾರಿ ಇಲ್ಲ. ಇದು ಅವರು ಕೂತು ಯೋಚಿಸಿ ಮಾಡಿದ ಆಯ್ಕೆಯಲ್ಲ. ಇಪ್ಪತ್ತು ವರ್ಷದಿಂದ ಊಟ ಮುಗಿದ ಕೂಡಲೇ ಒಂದು ಹಚ್ಚಿದವರ ತಟ್ಟೆ, ಆ ಸಿಗರೇಟಿಗೆ ಹೊಂದಿಕೊಳ್ಳುವ ಹಾಗೆ ತಾನೇ ಬದಲಾಗಿಬಿಟ್ಟಿದೆ. ಹೊಂದದ ಪದಾರ್ಥಗಳು ಒಂದೊಂದಾಗಿ ಎದ್ದು ಹೋಗಿವೆ. ಮನೆಯಲ್ಲಿ ಅಡುಗೆ ಮಾಡುವವರು ಅತ್ತಿಗೆ, ಆದರೆ ಏನು ತಿನ್ನಬೇಕು ಅಂತ ತೀರ್ಮಾನಿಸುವುದು ಜೇಬಿನಲ್ಲಿರುವ ಪ್ಯಾಕು.

ಒಂದು ಮನೆಯ ಕಥೆ ಕಟ್ಟಿಕೊಂಡು ಇಷ್ಟು ದೊಡ್ಡ ಮಾತು ಹೇಳುತ್ತೀರಲ್ಲ ಅಂತ ಕೇಳಬಹುದು. ಕೇಳಬೇಕು ಕೂಡ. 1998ರಲ್ಲಿ ಫ್ರಾನ್ಸಿನ ಸಂಶೋಧಕರು 15 ದೇಶಗಳ 51 ಆಹಾರ ಸಮೀಕ್ಷೆಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಸೇದುವವರು ಸುಮಾರು 36,000, ಸೇದದವರು ಸುಮಾರು 47,000. ಸೇದುವವರ ಊಟದಲ್ಲಿ ಕ್ಯಾಲೊರಿ 5% ಜಾಸ್ತಿ, ತುಪ್ಪ ಬೆಣ್ಣೆಯಲ್ಲಿರುವಂಥ ಸ್ಯಾಚುರೇಟೆಡ್ ಕೊಬ್ಬು 9% ಜಾಸ್ತಿ. ನಾರು 12% ಕಡಿಮೆ, ಸಿ ವಿಟಮಿನ್ 16% ಕಡಿಮೆ. ಮದ್ಯವಂತೂ 77% ಜಾಸ್ತಿ! ದೇಶ ಬೇರೆ, ಅಡುಗೆ ಬೇರೆ, ಆದರೂ ತಟ್ಟೆ ವಾಲುವುದು ಒಂದೇ ಕಡೆಗೆ.

ಎಲ್ಲವನ್ನೂ ಹೊಗೆಯ ತಲೆಗೇ ಕಟ್ಟಬಾರದು. ಲಾರಿ ಡ್ರೈವರ್, ರಾತ್ರಿ ಪಾಳಿಯವರು, ಗಾರೆ ಕೆಲಸದವರು ಇವರಲ್ಲಿ ಸೇದುವವರು ಜಾಸ್ತಿ. ಇವರಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗುವುದೂ ಕಷ್ಟ. ಯಾವುದು ಮೊದಲು, ಯಾವುದು ಆಮೇಲೆ ಅಂತ ಬಿಡಿಸುವುದು ಸುಲಭವಲ್ಲ. ಅದಕ್ಕೇ ನನಗೆ ಆ ಅಣ್ಣ ತಮ್ಮ ಅಷ್ಟು ಮುಖ್ಯ. ಅಂಗಡಿ, ಮನೆ, ಒಲೆ, ದುಡ್ಡು ಎಲ್ಲ ಒಂದೇ.

ಇನ್ನೊಂದು ಅನ್ಯಾಯ ಇದೆ. ಸೇದುವವರು ಕಡಿಮೆ ತಿನ್ನುವುದು ಯಾವ ವಿಟಮಿನ್ನೋ ಅವರ ದೇಹಕ್ಕೆ ಜಾಸ್ತಿ ಬೇಕಾಗುವುದೂ ಅದೇ. ಹೊಗೆಯಲ್ಲಿ ಬರುವ ಉರಿಗೆ ಸಿ ವಿಟಮಿನ್ ಬೇಗ ಖರ್ಚಾಗುತ್ತದೆ. ಅದಕ್ಕೆ ಅಮೆರಿಕದವರು 2000ದಲ್ಲಿ ಸೇದುವವರಿಗೆ ದಿನಕ್ಕೆ 35 ಮಿಲಿಗ್ರಾಂ ಹೆಚ್ಚಿಗೆ ಬೇಕು ಅಂತ ನಿಗದಿ ಮಾಡಿದರು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರ ಲೆಕ್ಕದಲ್ಲಿ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ಅನ್ನುತ್ತದೆ. ಒಂದು ಮಧ್ಯಮ ಗಾತ್ರದ ಸೀಬೆಹಣ್ಣಿನಲ್ಲಿ ಇವೆರಡನ್ನೂ ಕೂಡಿಸಿದ್ದಕ್ಕಿಂತ ಜಾಸ್ತಿ ಇರುತ್ತದೆ. ಈ ಕಡೆ ಹಿತ್ತಲಲ್ಲೇ ಸೀಬೆ ಗಿಡ ಇರುತ್ತದೆ, ಹಣ್ಣು ಅಳಿಲಿಗೆ ಹೋಗುತ್ತದೆ.

ರಕ್ತದ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹೋಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಆಮ್ಲಜನಕಕ್ಕೆ ಜಾಗ ಕಡಿಮೆಯಾಗುತ್ತದೆ. ದೇಹ ಆ ಕೊರತೆ ತುಂಬಲು ಹಿಮೋಗ್ಲೋಬಿನ್ ಹೆಚ್ಚಿಗೆ ಮಾಡುತ್ತದೆ. ಹಾಗಾಗಿ ಕ್ಯಾಂಪಿನಲ್ಲಿ ಸೇದುವವರ ರಿಪೋರ್ಟು ಚೆನ್ನಾಗೇ ಕಾಣುತ್ತದೆ. "ನೋಡಿ ಮೇಡಂ, ನನ್ನ ರಕ್ತ ಸೂಪರ್" ಅನ್ನುತ್ತಾರೆ. ಸೇದುವವರ ರಕ್ತಹೀನತೆ ಅಳೆಯುವಾಗ ಸ್ವಲ್ಪ ಕಳೆದು ನೋಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಈಗ ತಿಳಿವಳಿಕೆಯ ವಿಷಯಕ್ಕೆ ವಾಪಸ್ ಬರೋಣ. ತಿಳಿವಳಿಕೆ ಇದ್ದರೆ ಏನಾಗುತ್ತದೆ? ಅಣ್ಣ ಪ್ರತಿ ಭಾನುವಾರ ಕ್ಯಾರೆಟ್ ಜ್ಯೂಸ್ ಕುಡಿಯುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ "ವಾರದ್ದೆಲ್ಲ ಕ್ಲೀನ್ ಆಗುತ್ತೆ" ಅಂದರು. ವಾರಕ್ಕೊಮ್ಮೆ ಗಾಡಿ ತೊಳೆದ ಹಾಗೆ. ಬೆಲ್ಲ ತಿಂದರೆ ಶ್ವಾಸಕೋಶದ ಹೊಗೆ ಹೋಗುತ್ತದೆ ಅನ್ನುವವರೂ ಇದ್ದಾರೆ. ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಎದೆಗೆ. ದಾರಿಯೇ ಬೇರೆ. ಗೊತ್ತಿಲ್ಲದವನು ಸುಮ್ಮನೆ ಸೇದುತ್ತಾನೆ. ಗೊತ್ತಿದ್ದವನು ಲೆಕ್ಕ ಸರಿದೂಗಿಸಿಕೊಂಡು ಧೈರ್ಯವಾಗಿ ಸೇದುತ್ತಾನೆ. ನನಗೆ ಎರಡನೆಯವರ ಬಗ್ಗೆಯೇ ಭಯ ಜಾಸ್ತಿ.

ಈ ಲೆಕ್ಕವನ್ನು ವಿಜ್ಞಾನಿಗಳೂ ಹಾಕಿದ್ದರು, ಇದನ್ನು ಮಾತ್ರ ನೀವು ಕೇಳಲೇಬೇಕು. ಹಣ್ಣು ತರಕಾರಿ ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಬಹಳ ಸಮೀಕ್ಷೆಗಳಲ್ಲಿ ಕಂಡಿತ್ತು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಕಾರಣ ಇರಬಹುದು ಅಂದುಕೊಂಡರು. ಫಿನ್‌ಲೆಂಡಿನಲ್ಲಿ 1985ರಿಂದ 29,133 ಗಂಡಸರನ್ನು ಸೇರಿಸಿಕೊಂಡು ಪ್ರಯೋಗ ಶುರುವಾಯಿತು, ಎಲ್ಲರೂ ಸೇದುವವರು. ಕೆಲವರಿಗೆ ದಿನಾ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಮಾತ್ರೆ, ಕೆಲವರಿಗೆ ಹುಸಿ ಮಾತ್ರೆ. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಶಾಕ್. ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ. ಅದೇ ಹೊತ್ತಿಗೆ ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ಜನರ ಮೇಲೆ ಇಂಥದೇ ಪ್ರಯೋಗ ನಡೆಯುತ್ತಿತ್ತು. ಸೇದುವವರು, ಬಿಟ್ಟವರು, ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ ಕೆಲಸ ಮಾಡಿದವರು ಅದರಲ್ಲಿದ್ದರು. ಅಲ್ಲೂ ಕ್ಯಾನ್ಸರ್ 28% ಹೆಚ್ಚಾಗಿದ್ದು ಕಂಡು 1996ರ ಜನವರಿಯಲ್ಲಿ ಮಧ್ಯದಲ್ಲೇ ನಿಲ್ಲಿಸಿದರು.

ಗಾಬರಿ ಬೇಡ. ಕ್ಯಾರೆಟ್ ತಿನ್ನುವುದರಿಂದ ಏನೂ ಆಗುವುದಿಲ್ಲ, ತಿನ್ನಿ. ತೊಂದರೆ ಇರುವುದು ದೊಡ್ಡ ಡೋಸಿನ ಮಾತ್ರೆಯಲ್ಲಿ. ಮೆಡಿಕಲ್ ಶಾಪಿಗೆ ಹೋಗಿ 'ಲಂಗ್ಸ್‌ಗೆ ಒಳ್ಳೆಯದು' ಅಂತ ಕಂಡ ಕಂಡ ಡಬ್ಬಿ ತರುವವರಿಗೆ ಈ ಮಾತು. ಊಟದ ಹಣ್ಣು ತರಕಾರಿ ಖಂಡಿತ ಉಪಯೋಗಕ್ಕೆ ಬರುತ್ತದೆ. ಸ್ವೀಡನ್ನಿನಲ್ಲಿ 44,000 ಗಂಡಸರನ್ನು ಹದಿಮೂರು ವರ್ಷ ನೋಡಿದ ಅಧ್ಯಯನವೊಂದು 2017ರಲ್ಲಿ ಬಂತು. ಸೇದುವವರು ದಿನಕ್ಕೆ ಒಂದು ಪಾಲು ಹಣ್ಣು ತರಕಾರಿ ಹೆಚ್ಚಿಗೆ ತಿಂದರೆ ಉಸಿರು ಕಟ್ಟುವ ಸಿಒಪಿಡಿ ಕಾಯಿಲೆ ಸುಮಾರು 8% ಕಡಿಮೆ. ಇಲ್ಲಿ ಉಳಿಯುವುದು ಚಿಲ್ಲರೆ, ಸೇದಿ ಕಳೆಯುವುದು ನೋಟು.

ಅಷ್ಟರಲ್ಲಿ ಹಿಂದಿನ ಸಾಲಿನವರು ವಾಪಸ್ ಬಂದರು. ಅವರಲ್ಲಿ ಒಬ್ಬರು ಕೂತ ಕೂಡಲೇ ಕೈ ಎತ್ತಿ, "ಮೇಡಂ, ಬಿಟ್ಟರೆ ದಪ್ಪ ಆಗ್ತೀವಿ. ನಮ್ಮ ಭಾವ ಆಗಿದ್ದಾರೆ" ಅಂದರು. ಸಭೆಯೆಲ್ಲ ನಕ್ಕಿತು. ನಾನು ನಗಲಿಲ್ಲ, ಯಾಕೆಂದರೆ ಇದು ನಿಜ.

ಸಿಗರೇಟು ಕಂಪನಿಗಳಿಗೆ ಇದು ನೂರು ವರ್ಷದಿಂದ ಗೊತ್ತು. 1928ರ ಸುಮಾರಿಗೆ ಅಮೆರಿಕದಲ್ಲಿ ಲಕ್ಕಿ ಸ್ಟ್ರೈಕ್ ಸಿಗರೇಟಿನ ಜಾಹೀರಾತು, ಸಿಹಿ ತಿನ್ನುವ ಬದಲು ಒಂದು ಲಕ್ಕಿ ಸೇದಿ ಅಂತ ಹೆಂಗಸರಿಗೆ ಹೇಳುತ್ತಿತ್ತು. ಮಿಠಾಯಿ ತಯಾರಕರು ಜಗಳಕ್ಕೆ ಬಂದರು. 1986ರಲ್ಲಿ ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿ ಎಂಟು ಜನ ಸೇದುವವರನ್ನು ಒಂದು ಕೋಣೆಯೊಳಗೆ ಇಟ್ಟು ಅಳೆದರು. ಸೇದಿದ ದಿನ ದೇಹ ಸುಮಾರು 10% ಹೆಚ್ಚು ಶಕ್ತಿ ಸುಡುತ್ತಿತ್ತು. ಬಿಟ್ಟ ಮೇಲೆ ಆ ಸುಡುವಿಕೆ ನಿಲ್ಲುತ್ತದೆ, ಹಸಿವು ವಾಪಸ್ ಬರುತ್ತದೆ, ನಾಲಿಗೆಗೆ ರುಚಿ ಬರುತ್ತದೆ, ಕೈಗೆ ಕೆಲಸ ಇರುವುದಿಲ್ಲ. ಕೈ ಖಾರದ ಡಬ್ಬಿಗೆ ಹೋಗುತ್ತದೆ. ಬೇರೆ ಬೇರೆ ಪ್ರಯೋಗಗಳನ್ನು ಸೇರಿಸಿ 2012ರಲ್ಲಿ ಲೆಕ್ಕ ಹಾಕಿದಾಗ, ಔಷಧಿ ಇಲ್ಲದೆ ಬಿಟ್ಟವರು ಒಂದು ವರ್ಷದಲ್ಲಿ ಸರಾಸರಿ 4.7 ಕಿಲೋ ಏರಿದ್ದರು. ಇದನ್ನು ಮುಚ್ಚಿಟ್ಟು ಬಿಡಿ ಬಿಡಿ ಅಂದರೆ, ಮೂರನೇ ತಿಂಗಳಿಗೆ ಪ್ಯಾಂಟ್ ಬಿಗಿಯಾಗಿ ಜನ ವಾಪಸ್ ಹಚ್ಚುತ್ತಾರೆ. ಆದರೆ ಅದೇ ಲೆಕ್ಕದಲ್ಲಿ 100ಕ್ಕೆ 16 ಜನರ ತೂಕ ಇಳಿದಿತ್ತು.

ಸೇದುವವರು ತೆಳ್ಳಗಿರುತ್ತಾರೆ ಅನ್ನುವುದೂ ಅರ್ಧ ಸತ್ಯ. ಕೈಕಾಲು ತೆಳ್ಳಗೆ, ಹೊಟ್ಟೆ ಮುಂದೆ. ಸೊಂಟದ ಸುತ್ತಳತೆ ತೆಗೆದರೆ ಕೊಬ್ಬು ಕೂತಿರುವುದು ಅಲ್ಲೇ. ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಸೇದುವವರಿಗೆ 30ರಿಂದ 40% ಜಾಸ್ತಿ ಅಂತ ಅಮೆರಿಕ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ ಸರ್ಜನ್ ಜನರಲ್ ಅವರ ವರದಿ 2014ರಲ್ಲಿ ಹೇಳಿತು. ಅಣ್ಣ ನನ್ನ ಹತ್ತಿರ ಬಂದದ್ದು ಆ ಕಾರಣಕ್ಕೇ ಅಲ್ವಾ?

ಅಣ್ಣನಿಗೆ ನಾನು ಪೌಷ್ಟಿಕತೆಯ ಪಾಠ ಮಾಡಲಿಲ್ಲ. ಅವರಿಗೆ ಪಾಠ ಬರುತ್ತಿತ್ತು. ಗಡಿಯಾರ ಮಾತ್ರ ಬದಲಾಯಿಸಿ ಅಂದೆ. ಮೊದಲ ಸಿಗರೇಟು ತಿಂಡಿ ಆದಮೇಲೆ. ಬಿಡಿ ಅಂತ ಕೂಡ ಹೇಳಲಿಲ್ಲ, ತಿಂಡಿ ಆದಮೇಲೆ ಅಂದೆ ಅಷ್ಟೇ. ಆಮೇಲೆ ಮಧ್ಯಾಹ್ನದ ಊಟದ ಕೊನೆಗೆ ಒಂದು ದೊಡ್ಡ ಲೋಟ ಮಜ್ಜಿಗೆ. ಡ್ಯೂಕ್‌ನವರ ಪಟ್ಟಿಯನ್ನು ತಿರುಗಿಸಿ ಹಿಡಿದೆ. ಸಿಗರೇಟಿನ ರುಚಿ ಕೆಡಿಸುವುದನ್ನೇ ಕೊನೆಗೆ ಬಾಯಿಗೆ ಹಾಕುವುದು. ಒಂದು ವಾರ ಬೈದುಕೊಂಡರಂತೆ. ಎರಡು ತಿಂಗಳಿಗೆ ಹನ್ನೆರಡು ಇದ್ದದ್ದು ಐದಕ್ಕೆ ಬಂತು. ಆಮೇಲೆ ಡಾಕ್ಟರ ಸಹಾಯದಿಂದ ಬಿಟ್ಟರು. ಮಧ್ಯೆ ಒಮ್ಮೆ ಮದುವೆ ಮನೆಯಲ್ಲಿ ಜಾರಿದ್ದರು, ಮತ್ತೆ ಬಿಟ್ಟರು.

ಬಿಟ್ಟ ಮೊದಲ ವಾರ ಎದೆ ಡವಡವ, ರಾತ್ರಿ ನಿದ್ದೆ ಇಲ್ಲ ಅಂತ ಫೋನ್ ಮಾಡಿದರು. ಎಷ್ಟು ಟೀ ಕುಡಿಯುತ್ತಿದ್ದೀರಿ ಅಂತ ಕೇಳಿದೆ. ಮೊದಲಿನಷ್ಟೇ, ಆರು. ಅಲ್ಲೇ ಇತ್ತು ತೊಂದರೆ. ಹೊಗೆಯಲ್ಲಿರುವ ಕೆಲವು ಪದಾರ್ಥಗಳು ಲಿವರ್ ಕೆಫೀನನ್ನು ಬೇಗ ಬೇಗ ಕರಗಿಸುವ ಹಾಗೆ ಮಾಡಿರುತ್ತವೆ. ಸೇದುವುದು ನಿಂತರೆ ಆ ವೇಗವೂ ನಿಲ್ಲುತ್ತದೆ. ಅದೇ ಆರು ಟೀ ದೇಹಕ್ಕೆ ಹೆಚ್ಚೂಕಡಿಮೆ ಹನ್ನೆರಡು ಟೀ ಆಗಿಬಿಡುತ್ತದೆ. ಜನ ಇದನ್ನು ಸಿಗರೇಟು ಬಿಟ್ಟಿದ್ದರ ತೊಂದರೆ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಬಿಡುವ ದಿನವೇ ಕಾಫಿ ಟೀ ಅರ್ಧ ಮಾಡಿ. ಬೈಟು ಅನ್ನುವ ಒಳ್ಳೆ ಪದ್ಧತಿ ನಮ್ಮಲ್ಲಿ ಇರುವುದು ಯಾಕೆ ಮತ್ತೆ?

ಮೂರನೇ ವಾರ ಅತ್ತಿಗೆ ಫೋನ್ ಮಾಡಿದರು. ನಗುತ್ತಿದ್ದರು. "ಮೇಡಂ, ಇವತ್ತು ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ರೇಗಾಡ್ತಿದ್ದಾರೆ. ನಾನು ಹಾಕಿದ್ದು ದಿನಾ ಹಾಕೋ ಅಷ್ಟೇ."

ನಾನು ಮುಗಿಸುವ ಹೊತ್ತಿಗೆ ಪ್ರಶ್ನೆಗಳು ಶುರುವಾದವು. ಯುವಕರೊಬ್ಬರು, ಹಣ್ಣು ತಿನ್ನಿ ಅಂತೀರ, ಹಣ್ಣಿನ ರೇಟು ನೋಡಿದ್ದೀರಾ ಅಂದರು. ನೋಡಿದ್ದೇನೆ. ಸಿಗರೇಟಿನ ರೇಟನ್ನೂ ನೋಡಿದ್ದೇನೆ. ಒಂದು ಕಿಂಗ್ ಸೈಜ್ ಸಿಗರೇಟಿನ ದುಡ್ಡಿಗೆ ಎರಡು ಮೊಟ್ಟೆ ಬರುತ್ತದೆ. ಅರ್ಥಶಾಸ್ತ್ರಜ್ಞ ರಿಜೋ ಜಾನ್ 2008ರಲ್ಲಿ ನಮ್ಮ ದೇಶದ ಮನೆಗಳ ಖರ್ಚಿನ ಲೆಕ್ಕ ತೆಗೆದು ನೋಡಿದ್ದರು. ತಂಬಾಕಿಗೆ ದುಡ್ಡು ಹೋಗುವ ಮನೆಗಳಲ್ಲಿ ಹಾಲು, ಮಕ್ಕಳ ಓದು ಇಂಥವಕ್ಕೆ ಖರ್ಚು ಕಡಿಮೆ ಆಗಿತ್ತು. ಅಂದರೆ ಒಬ್ಬರು ಸೇದಿದರೆ ಸೇದದವರ ಲೋಟದ ಹಾಲೂ ಕಡಿಮೆಯಾಗುತ್ತದೆ.

ಬಿಡಬೇಕು ಅನ್ನುವವರು ಎಲ್ಲಿಗೆ ಹೋಗಬೇಕು ಅಂತ ಇನ್ನೊಬ್ಬರು ಕೇಳಿದರು. 1800-11-2356 ಅನ್ನುವ ಉಚಿತ ನಂಬರ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ. ಪ್ಯಾಕಿನ ಮೇಲೆಯೇ ಈ ನಂಬರ್ ಅಚ್ಚಾಗಿರುತ್ತದೆ. ಆರು ಜನ ಜೇಬಿನಿಂದ ಪ್ಯಾಕು ತೆಗೆದು ನೋಡಿದರು. ಅಷ್ಟು ಜನ ಪ್ಯಾಕು ಇಟ್ಟುಕೊಂಡು ಈ ಭಾಷಣಕ್ಕೆ ಬಂದಿದ್ದಾರೆ ಅಂತ ನನಗೆ ಗೊತ್ತಾದದ್ದು ಆಗಲೇ.

ಕೊನೆಯ ಪ್ರಶ್ನೆ ಎಡಗಡೆ ಕೂತಿದ್ದ ಒಬ್ಬ ಹೆಂಗಸಿನದು. ಐವತ್ತರ ಆಸುಪಾಸು. ಎದ್ದು ನಿಲ್ಲಲಿಲ್ಲ, ಕೂತಲ್ಲಿಂದಲೇ ಕೇಳಿದರು.

"ನಾನು ಬೀಡಿ ಸಿಗರೇಟು ಮುಟ್ಟಿದೋಳಲ್ಲ ಕಣವ್ವ. ಆದ್ರೆ ಸೊಪ್ಪು ಮುರಿಯೋ ಕಾಲದಲ್ಲಿ ನಂಗೆ ಊಟನೇ ಸೇರಲ್ಲ. ತಲೆ ಸುತ್ತುತ್ತೆ, ವಾಕರಿಕೆ ಬರುತ್ತೆ. ಮಧ್ಯಾಹ್ನದ ಬುತ್ತಿ ಹಂಗೇ ವಾಪಸ್ ತರ್ತೀನಿ. ನಾನು ಯಾವ ಲೆಕ್ಕಕ್ಕೆ ಬರ್ತೀನಿ?"

ನನ್ನ ಹಿಂದೆ ಪರದೆಯ ಮೇಲೆ ಎರಡು ಕಾಲಂ ಇದ್ದವು. ಸೇದುವವರು, ಸೇದದವರು. ಅವರು ಎರಡರಲ್ಲೂ ಇರಲಿಲ್ಲ. ಹೊಗೆಸೊಪ್ಪಿನ ಊರಿಗೆ ಬರುವಾಗ ನಾನು ಇದನ್ನು ಯೋಚಿಸಿಯೇ ಇರಲಿಲ್ಲ.

ಹಸಿ ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಎಲೆಯ ಮೇಲೆ ಇಬ್ಬನಿ, ಮಳೆ ನೀರು ಇದ್ದರೆ ಅದು ನೀರಿಗೆ ಇಳಿದು ಬಟ್ಟೆ ನೆನೆಸಿ ಮೈಗೆ ಇನ್ನೂ ಬೇಗ ಸೇರುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ, ಊಟ ಸೇರದಿರುವುದು ಅದರ ಲಕ್ಷಣಗಳು. ಹಸಿ ತಂಬಾಕಿನ ಕಾಯಿಲೆ ಅಂತಲೇ ಇದಕ್ಕೆ ಹೆಸರಿದೆ. ಸೇದಿ ಅಭ್ಯಾಸ ಇರುವವರ ಮೈ ನಿಕೋಟಿನ್ನಿಗೆ ಒಗ್ಗಿರುತ್ತದೆ. ಇಂಥವರಿಗೆ ಒಗ್ಗಿರುವುದಿಲ್ಲ, ಅದಕ್ಕೆ ಇವರಿಗೇ ಜಾಸ್ತಿ ಹೊಡೆಯುತ್ತದೆ. ಸಿಗರೇಟು ಸೇದದೆಯೇ ಅಣ್ಣನ 8.30ರ ಗೆರೆ ಇವರ ಬುತ್ತಿಯ ಮೇಲೂ ಬಿದ್ದಿತ್ತು.

ನನಗೆ ಗೊತ್ತಿದ್ದಷ್ಟು ಹೇಳಿದೆ. ಎಲೆಯ ಮೇಲಿನ ನೀರು ಒಣಗಿದ ಮೇಲೆ ಮುರಿಯಿರಿ. ಉದ್ದ ತೋಳಿನ ಅಂಗಿ, ಮೇಲೆ ಪ್ಲಾಸ್ಟಿಕ್ ಹಾಳೆ, ಕೈಗೆ ಗ್ಲೌಸ್. ನೆನೆದ ಬಟ್ಟೆಯಲ್ಲೇ ಇರಬೇಡಿ, ಬದಲಾಯಿಸಿ. ಬುತ್ತಿ ಬಿಚ್ಚುವ ಮುಂಚೆ ಸೋಪು ಹಾಕಿ ಮೊಣಕೈವರೆಗೂ ತೊಳೆಯಿರಿ. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ, ಹೊಗೆಸೊಪ್ಪು ಮುರಿದಿದ್ದೆ ಅಂತ ಡಾಕ್ಟರಿಗೆ ಹೇಳಿ.

ಅವರು ಎಲ್ಲ ಕೇಳಿದರು. ಆಮೇಲೆ ಹೇಳಿದರು: "ಸೋಪು ತಗೊಂಡು ಹೋಗ್ಬೋದು. ಎಲೆ ಒಣಗೋವರೆಗೂ ಕಾಯಕ್ಕಾಗಲ್ಲ. ನಮ್ಮ ಕೂಲಿ ಬೆಳಿಗ್ಗೆ ಆರಕ್ಕೆ ಶುರುವಾಗುತ್ತೆ."

ಮುಂದಿನ ಸಾಲಿನಲ್ಲಿ ಕೂತಿದ್ದ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಮಾಲೀಕರೊಬ್ಬರು ಹಿಂತಿರುಗಿ ಅವರನ್ನು ನೋಡಿದರು. ಎಷ್ಟು ಗಂಟೆಗೆ ಎಲೆ ಒಣಗುತ್ತದೆ ಅಂತ ಪಕ್ಕದವರನ್ನು ಕೇಳಿದರು. ಒಂಬತ್ತು ಅಂದರು ಯಾರೋ. ಮಳೆಗಾಲದಲ್ಲಿ ಒಂಬತ್ತಕ್ಕೆಲ್ಲಿ ಒಣಗುತ್ತೆ, ಹತ್ತು ಆಗುತ್ತೆ ಅಂದರು ಇನ್ನೊಬ್ಬರು. ನಾನು ಪ್ರೊಜೆಕ್ಟರ್ ಆರಿಸಿ ವೈರು ಸುತ್ತುವಾಗಲೂ ಅವರ ಚರ್ಚೆ ಮುಗಿದಿರಲಿಲ್ಲ.